ಮನೆಯೂಟದ ಉದ್ಯಮಕ್ಕೆ ಡಬ್ಬಿಯದೇ ಚಿಂತೆ

ಬೆಂಗಳೂರು: ಅಡುಗೆ ರುಚಿಯಾಗಿದ್ದರೆ ಸಾಲದು, ಸಾರು ಚೆಲ್ಲದೆ ತಲುಪಬೇಕು. ಮನೆಯಲ್ಲೇ ಊಟ ತಯಾರಿಸಿ ಕಚೇರಿ, ಪಿಜಿ ಹಾಗೂ ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಕಳುಹಿಸುವ ಉದ್ಯಮ ನಗರಗಳಲ್ಲಿ ಬೇರೂರಿದೆ. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿ ಇದಕ್ಕಿಳಿದ ಹಲವು ಗೃಹಿಣಿಯರು ಈಗಲೂ ಮುಂದುವರಿಸಿಕೊಂಡು ಬಂದಿದ್ದಾರೆ. ಆದರೆ ಬಂಡವಾಳ, ಗ್ರಾಹಕರು, ಪೈಪೋಟಿ ಇವೆಲ್ಲದರ ನಡುವೆ ಅಷ್ಟಾಗಿ ಚರ್ಚೆಗೆ ಬಾರದ ಪ್ರಶ್ನೆಯೊಂದಿದೆ: ಊಟವನ್ನು ಯಾವುದರಲ್ಲಿ ಕಟ್ಟಿಕೊಡಬೇಕು?

ಮೇಲ್ನೋಟಕ್ಕೆ ಇದು ಚಿಲ್ಲರೆ ವಿಷಯ. ಲೆಕ್ಕ ಹಾಕಿದರೆ ಹಾಗಿಲ್ಲ. ಅನ್ನ, ಹುಳಿ, ಪಲ್ಯ ಎಂದು ಒಂದು ಊಟಕ್ಕೆ ಮೂರು ಡಬ್ಬಿ, ದಿನಕ್ಕೆ 40 ಊಟ, ತಿಂಗಳಿಗೆ 26 ದಿನ ಎಂದಿಟ್ಟುಕೊಂಡರೆ 3,120 ಡಬ್ಬಿಗಳು ಬೇಕು. ಒಂದು ಅಡುಗೆಮನೆಯಿಂದ ಒಂದೇ ತಿಂಗಳಲ್ಲಿ ಹೊರಬೀಳುವ ಕಸ ಇದು. ಡಬ್ಬಿಯೊಂದರ ಬೆಲೆಯಲ್ಲಿ ಒಂದು ರೂಪಾಯಿ ಏರಿದರೂ ತಿಂಗಳ ಖರ್ಚಿಗೆ ಮೂರು ಸಾವಿರಕ್ಕೂ ಮಿಕ್ಕಿದ ಹೊರೆ ಸೇರುತ್ತದೆ. ಮನೆಯವರ ದುಡಿಮೆಯನ್ನೇ ಲೆಕ್ಕಕ್ಕೆ ಹಿಡಿಯದ ಉದ್ಯಮದಲ್ಲಿ ಇದು ಸಣ್ಣ ಮೊತ್ತವಲ್ಲ.

ಕಾನೂನಿನ ತೊಡಕು

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಹಾಗೂ ಆಹಾರಕ್ಕೆ ಸುತ್ತುವ ತೆಳುಹಾಳೆಗಳನ್ನು ನಿಷೇಧಿಸಿತು. ದಪ್ಪ ಎಷ್ಟೇ ಇದ್ದರೂ ನಿಷೇಧ ಅನ್ವಯಿಸುತ್ತದೆ ಎಂಬುದು ಆ ಆದೇಶದ ವಿಶೇಷ. ಕೇಂದ್ರದ ನಿಯಮ ಬೇರೆ. ಅದು 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಟ್ರೇ, ಸ್ಟ್ರಾಗಳನ್ನು ನಿಷೇಧಿಸಿ, ಕೈಚೀಲಗಳಿಗೆ ಮಾತ್ರ 2022ರ ಕೊನೆಯಿಂದ 120 ಮೈಕ್ರಾನ್ ದಪ್ಪದ ಮಿತಿ ಇರಿಸಿತು. ‘ಇದು 120 ಮೈಕ್ರಾನ್, ಹೆದರಬೇಡಿ’ ಎಂದು ಸಗಟು ಅಂಗಡಿಯಾತ ಹೇಳುವ ಮಾತು ಪಕ್ಕದ ರಾಜ್ಯದಲ್ಲಿ ನಡೆದೀತು, ಇಲ್ಲಿ ನಡೆಯದು. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ ಎಂಬುದು ಕೊಳ್ಳುವ ಹಲವರಿಗೆ ತಿಳಿದಿಲ್ಲ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಹೆಸರು ಕೇಂದ್ರದ ಪಟ್ಟಿಯಲ್ಲಿಲ್ಲ. ಹೀಗಾಗಿ ಕಪ್ಪು ತಳ, ಪಾರದರ್ಶಕ ಮುಚ್ಚಳದ ಡಬ್ಬಿ ಎಲ್ಲೆಡೆ ರಾರಾಜಿಸುತ್ತಿದೆ. ಅದರೊಳಗಿಡುವ ಚಮಚ ಮಾತ್ರ ಅಪರಾಧ. ಇಂಥ ವಿಚಿತ್ರಕ್ಕೆ ವಿವರಣೆ ಕೊಡುವವರಿಲ್ಲ.

ಆಹಾರ ಸುರಕ್ಷತೆಯ ಕಾನೂನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಮನೆಯಲ್ಲಿ ಅಡುಗೆ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆಯಲೇಬೇಕು. 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟುವಂತಿಲ್ಲ. ಮುದ್ರಣದ ಶಾಯಿ ಎಣ್ಣೆಯ ಜತೆ ಆಹಾರಕ್ಕಿಳಿಯುತ್ತದೆ ಎಂಬುದು ಕಾರಣ. ಪ್ರಾಧಿಕಾರ 2023ರಲ್ಲಿ ಮತ್ತೊಮ್ಮೆ ಎಚ್ಚರಿಕೆ ನೀಡಿದರೂ ಬಜ್ಜಿ-ಬೋಂಡಾ ಇಂದಿಗೂ ಪತ್ರಿಕೆಯ ಪುಟಗಳಲ್ಲೇ ಮನೆ ಸೇರುತ್ತಿವೆ.

ಬಿಸಿ ಮತ್ತು ಪ್ಲಾಸ್ಟಿಕ್ ಕೂಡಿದಾಗ ಏನಾಗುತ್ತದೆ ಎಂಬ ಆತಂಕ 2025ರ ಫೆಬ್ರುವರಿಯಲ್ಲಿ ರಾಜ್ಯದ ಮನೆಮಾತಾಯಿತು. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಪತ್ತೆ ಮಾಡಿದ ಆರೋಗ್ಯ ಇಲಾಖೆ ಅದಕ್ಕೆ ತಡೆ ಹಾಕಿತು. ಆದರೆ ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ಗಂಟು ಹಾಕುವ ಪದ್ಧತಿ ಆ ಗದ್ದಲದಲ್ಲಿ ಮರೆತೇಹೋಯಿತು.

ಯಾವುದಕ್ಕೆ ಯಾವುದು

ಎಲ್ಲ ಅಡುಗೆಗೂ ಒಗ್ಗುವ ಒಂದೇ ಡಬ್ಬಿ ಇಲ್ಲ ಎಂಬುದೇ ನಿಜವಾದ ಕಷ್ಟ. ತಳದಲ್ಲಿ ತ್ರಿಕೋನದೊಳಗೆ 5 ಎಂದಿರುವ ಪಾಲಿಪ್ರೊಪಿಲೀನ್ ಬಿಸಿ ಸಾರನ್ನು ತಾಳುತ್ತದೆ. 1 ಎಂದಿರುವ ಪೆಟ್ ಡಬ್ಬಿ ತಣ್ಣನೆಯ ಕೋಸಂಬರಿ, ಹಣ್ಣಿಗೆ ಸರಿ. ಬಿಸಿ ಸುರಿದರೆ ಸೊಟ್ಟಗಾಗುತ್ತದೆ. ಆದರೆ ಈ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆಯೇ ಹೊರತು ಅದು ಆಹಾರ ದರ್ಜೆಯದೇ ಎಂಬುದನ್ನಲ್ಲ. ತಯಾರಕರ ಹೆಸರಾಗಲಿ ಆಹಾರ ದರ್ಜೆಯ ಗುರುತಾಗಲಿ ಇಲ್ಲದ ಸರಕನ್ನು ಅಗ್ಗವೆಂದು ಕೊಂಡವರಿಗೆ ನಾಳೆ ಕೇಳಲು ದಿಕ್ಕಿಲ್ಲ.

ಅಲ್ಯೂಮಿನಿಯಂ ಹಾಳೆ ಚಪಾತಿಗೆ ಅನುಕೂಲ. ಹುಣಸೆಹುಳಿ, ಟೊಮೆಟೊ, ನಿಂಬೆರಸ, ಉಪ್ಪು ಹೆಚ್ಚಿರುವ ಗೊಜ್ಜು-ಉಪ್ಪಿನಕಾಯಿಗೆ ಅದು ತಕ್ಕುದಲ್ಲ. ಆಮ್ಲ ಲೋಹವನ್ನು ಕರಗಿಸುತ್ತದೆ. ಕಾಗದದ ಬಟ್ಟಲಿನ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪನವಿರುತ್ತದೆ, ಹಾಗಾಗಿ ‘ಪರಿಸರಸ್ನೇಹಿ’ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಕಬ್ಬಿನ ಸಿಪ್ಪೆಯ ತಟ್ಟೆ-ಬಟ್ಟಲು ಅನ್ನ, ಪಲ್ಯಕ್ಕೆ ಚೆನ್ನ; ಸಾರು ಬಹಳ ಹೊತ್ತು ನಿಂತರೆ ಮೆತ್ತಗಾಗುತ್ತದೆ. ಎಣ್ಣೆ-ನೀರು ಹೀರದಂತೆ ತಡೆಯಲು ಇಂಥವುಗಳಿಗೆ ಬಳಸಲಾಗುವ ಪಿಎಫ್‌ಎಎಸ್ ರಾಸಾಯನಿಕಗಳನ್ನು ನಿಷೇಧಿಸುವ ಕರಡನ್ನು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಮಲೆನಾಡು-ಕರಾವಳಿಯ ಹೆಮ್ಮೆಯ ಅಡಿಕೆ ಹಾಳೆಗೂ ವಿವಾದ ತಪ್ಪಲಿಲ್ಲ. ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಹಾಳೆ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ರಫ್ತನ್ನೇ ನಂಬಿದ್ದ ಸಣ್ಣ ಘಟಕಗಳಿಗೆ ಇದು ದೊಡ್ಡ ಪೆಟ್ಟು. ಬಾಳೆಲೆಯ ಮೇಲೆ ಮಾತ್ರ ಇನ್ನೂ ಯಾರ ಕಣ್ಣೂ ಬಿದ್ದಿಲ್ಲ.

ವಸ್ತುವಿನಷ್ಟೇ ಮುಖ್ಯವಾದುದು ಹೊತ್ತು. ಹೊಗೆಯಾಡುವ ಅನ್ನಕ್ಕೆ ತಕ್ಷಣ ಮುಚ್ಚಳ ಬಿಗಿದರೆ ಹಬೆ ನೀರಾಗಿ ಇಳಿದು ಅನ್ನ ಮುದ್ದೆಯಾಗುತ್ತದೆ. ಹಾಗೆಂದು ಗಂಟೆಗಟ್ಟಲೆ ಆರಲು ಬಿಟ್ಟರೆ ಅಪಾಯ ಇನ್ನೂ ದೊಡ್ಡದು. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿದರೂ ಸಾಯುವುದಿಲ್ಲ. ಉಗುರುಬೆಚ್ಚಗಿನ ಶಾಖದಲ್ಲಿ ಮೊಳೆತು ಅವು ಉಂಟುಮಾಡುವ ವಾಂತಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬಿಸಿಯೂಟ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವಾಗಲೇ ಹೊರಟು, ಆರುವ ಮೊದಲೇ ಕೈಸೇರಬೇಕು. ಚಿತ್ರಾನ್ನ ಹಳಸಿದರೆ ಗ್ರಾಹಕ ದೂರುವುದು ಡಬ್ಬಿಯನ್ನಲ್ಲ, ಅಡುಗೆಯವರನ್ನು.

ಹಾಗಾದರೆ ಸ್ಟೀಲ್ ಕ್ಯಾರಿಯರ್ ಏಕೆ ಬೇಡ? ಮುಂಬೈನ ಡಬ್ಬಾವಾಲಾಗಳ ವ್ಯವಸ್ಥೆ ನಿಂತಿರುವುದೇ ಖಾಲಿ ಡಬ್ಬಿ ಅದೇ ದಿನ ಮನೆಗೆ ಮರಳುವುದರ ಮೇಲೆ. ತಿಂಗಳ ಲೆಕ್ಕದ 40 ಕಾಯಂ ಗ್ರಾಹಕರಿಗೆ, ಒಂದು ಹೋಗುವಾಗ ಇನ್ನೊಂದು ತೊಳೆಯಲು ಬರುವಂತೆ, 80 ಕ್ಯಾರಿಯರ್ ಇದ್ದರೆ ಸಾಕು. ಒಂದೇ ಬಾರಿ ಹೆಚ್ಚು ಹಣ ಹೂಡಬೇಕು, ಠೇವಣಿ ಕೇಳುವ ಮುಜುಗರ ಮೀರಬೇಕು, ತೊಳೆಯಲು ಬಿಸಿನೀರು ಮತ್ತು ಒಂದು ಕೈ ಹೆಚ್ಚಿಗೆ ಬೇಕು. ವರ್ಷಗಟ್ಟಲೆ ಬಾಳುವ ಪಾತ್ರೆಗೆ ಈ ಖರ್ಚು ದುಬಾರಿಯಲ್ಲ.

ತೊಡಕಿರುವುದು ಬೇರೆಡೆ. ಮೊಬೈಲ್ ಆ್ಯಪ್ ಮೂಲಕ ಬಂದ ಗ್ರಾಹಕನ ಮನೆಗೆ ಊಟ ಒಯ್ದ ಹುಡುಗ ಖಾಲಿ ಕ್ಯಾರಿಯರ್ ತರಲು ಮರಳುವುದಿಲ್ಲ. ಆತನಿಗೆ ಮುಂದಿನ ಆರ್ಡರ್ ಕಾದಿರುತ್ತದೆ. ಆ್ಯಪ್ ಸೇರಿದ ದಿನವೇ ಅಡುಗೆಮನೆ ಬಿಸಾಡುವ ಡಬ್ಬಿಗೆ ಕಟ್ಟುಬೀಳುತ್ತದೆ. ಸಾರಿನ ಜಿಡ್ಡು ಮೆತ್ತಿದ ಆ ಡಬ್ಬಿಯನ್ನು ತೊಳೆದು ಒಣಕಸಕ್ಕೆ ಹಾಕುವವರು ವಿರಳ, ತೊಳೆಯದ್ದನ್ನು ಮರುಬಳಕೆಯವರು ಮುಟ್ಟುವುದಿಲ್ಲ. ಡಬ್ಬಿಯ ಆಯ್ಕೆ ಸಗಟು ಅಂಗಡಿಯ ಮುಂದೆ ನಡೆಯುವುದಿಲ್ಲ. ಯಾರಿಗೆ ಊಟ ಮಾರುವುದು, ಆ್ಯಪ್‌ನ ಅಪರಿಚಿತರಿಗೋ ಬೀದಿಯ ಪರಿಚಿತರಿಗೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಿದಾಗಲೇ ಅದು ಆಗಿಹೋಗಿರುತ್ತದೆ.