ಅಳಿದ ಕಿರುಹಳಿ ಮತ್ತು ಉಳಿಯಬೇಕಾದ ಮಾತು

ಕರ್ನಾಟಕದ ಕಿರುಹಳಿ ರೈಲುಗಳನ್ನು ಕುರಿತು ಹವ್ಯಾಸಿಗಳು ಕಲೆಹಾಕಿರುವ ಸಾಮಗ್ರಿ ಅಲ್ಪವಲ್ಲ. ಎಂಜಿನ್ನಿನ ವರ್ಗ, ಹಳಿಯ ಅಗಲ, ಹಳೆಯ ವೇಳಾಪಟ್ಟಿ, ಛಾಯಾಚಿತ್ರಗಳನ್ನೆಲ್ಲ ಅವರು ಸ್ವಂತ ಖರ್ಚಿನಲ್ಲಿ, ಯಾವ ಪದವಿಯ ಆಸೆಯೂ ಇಲ್ಲದೆ ಸಂಗ್ರಹಿಸಿದ್ದಾರೆ. ಆದರೆ ಈ ಸ್ಮೃತಿಕೋಶದ ಬಹುಭಾಗ ಇಂಗ್ಲಿಷಿನಲ್ಲಿದೆ. ಅದರ ನಾಯಕ ಎಂಜಿನ್ನು, ಮನುಷ್ಯನಲ್ಲ. ಇದು ಹವ್ಯಾಸಿಗಳ ದೋಷವೆನ್ನುವುದಕ್ಕಿಂತ ಕನ್ನಡ ವಿಭಾಗಗಳ ಉದಾಸೀನವೆನ್ನುವುದೇ ಸರಿ.

ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳನ್ನು ಹಾದು ಯಲಹಂಕ ಮುಟ್ಟುತ್ತಿದ್ದ ಮಾರ್ಗವನ್ನು ನಿದರ್ಶನವಾಗಿ ನೋಡಬಹುದು. ಹಳಿಯ ಅಗಲ ಕೇವಲ ಎರಡೂವರೆ ಅಡಿ. ಮೊದಲ ತುಂಡು 1913ರಲ್ಲಿ ಕೋಲಾರ ತಲುಪಿತು. ಮುಂದಿನ ಕೆಲವೇ ವರ್ಷಗಳಲ್ಲಿ ಉಳಿದದ್ದು ಕೂಡಿಕೊಂಡಿತು. ಪೂರ್ವದ ಭಾಗಕ್ಕೆ ಕೋಲಾರ ಜಿಲ್ಲಾ ರೈಲ್ವೆ ಎಂದೇ ಹೆಸರು. ಪಶ್ಚಿಮದ್ದು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿಯದು. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲವದು. ರೈಲನ್ನು ವಸಾಹತುಶಾಹಿಯ ಹತಾರವೆಂದು ಮಾತ್ರ ಓದುವ ನಮ್ಮ ವಿಮರ್ಶೆಯ ರೂಢಿಗೆ ಈ ಮಾರ್ಗ ಸುಲಭವಾಗಿ ಒಗ್ಗುವುದಿಲ್ಲ. ಇಲ್ಲಿ ದೇಶೀ ಸಂಸ್ಥಾನವೊಂದರ ಪ್ರಗತಿಯ ಕನಸು ಇತ್ತು, ಸಂತೆಗೆ ಹೊರಟ ರೈತನ ಲೆಕ್ಕಾಚಾರವೂ ಇತ್ತು.

ಈ ಹಳಿ ಹಾದದ್ದು ಕನ್ನಡ, ತೆಲುಗು, ಉರ್ದುಗಳು ಒಂದೇ ಸಂತೆಯಲ್ಲಿ ಬೆರೆಯುವ ಸೀಮೆಯಲ್ಲಿ. ಬಂಗಾರಪೇಟೆಯಲ್ಲಿ ಅದರೊಡನೆ ಚಿನ್ನದ ಗಣಿಯ ತಮಿಳೂ ಸೇರುತ್ತಿತ್ತು. ಅಲ್ಲಿ ಕಿರುಹಳಿ ಮುಗಿದು ಐದೂವರೆ ಅಡಿಯ ದೊಡ್ಡ ಹಳಿ ಎದುರಾಗುತ್ತಿತ್ತು. ಒಂದರ ವ್ಯಾಗನ್ನು ಇನ್ನೊಂದರ ಮೇಲೆ ಓಡದು. ಆದ್ದರಿಂದ ಮುಂದಕ್ಕೆ ಹೋಗಬೇಕಾದ ಪ್ರತಿಯೊಂದು ಮೂಟೆಯನ್ನೂ ಇಳಿಸಿ ಮತ್ತೆ ಏರಿಸಬೇಕು. ರೈಲ್ವೆ ಇತಿಹಾಸಕಾರರು ಇದನ್ನು ವೆಚ್ಚದ ಸಮಸ್ಯೆಯೆಂದು ಬರೆಯುತ್ತಾರೆ. ಭಾಷಾ ಸಂಶೋಧಕನಿಗೆ ಅದು ಪದಗಳು ಕೈಬದಲಾಗುವ ಕಟ್ಟೆ. ಹೊಗೆಬಂಡಿ, ಕಂಬಿ, ಕೈಮರ, ಟೇಸನ್ನು ಮುಂತಾದ ಮಾತುಗಳನ್ನು ಪದಕೋಶ ರಚನೆಯ ಸಮಿತಿಗಳು ಕೊಟ್ಟದ್ದಲ್ಲ. ಜನ ತಾವೇ ಟಂಕಿಸಿಕೊಂಡರು, ಇಲ್ಲವೆ ಬಂದ ಮಾತನ್ನು ತಮ್ಮ ನಾಲಗೆಗೆ ಬಗ್ಗಿಸಿಕೊಂಡರು. ಹಮಾಲಿಗಳ, ಗ್ಯಾಂಗ್‌ಮನ್‌ಗಳ, ಗೇಟು ಕಾಯುವವರ ವೃತ್ತಿಪದಗಳಿಗೆ ಕುಂಬಾರ, ನೇಕಾರರ ವೃತ್ತಿಪದಗಳಿಗೆ ದೊರೆತ ಗೌರವ ಇನ್ನೂ ದೊರೆತಿಲ್ಲ. ರೈಲು ಆಧುನಿಕವಾದದ್ದು, ಆದ್ದರಿಂದ ಜಾನಪದದ ಹೊರಗಿನದು ಎಂಬ ಅಘೋಷಿತ ನಿಯಮವೊಂದು ನಮ್ಮ ಕ್ಷೇತ್ರಕಾರ್ಯವನ್ನು ಆಳುತ್ತಿರುವಂತಿದೆ.

ಮಂಡ್ಯದ ಸ್ಥಿತಿ ಬೇರೆ. 1881ರಲ್ಲಿ ಮದ್ದೂರು, ಮಂಡ್ಯಗಳಿಗೆ ಬಂದ ಹಳಿ ಅಗಲವಾಗಿ, ಜೋಡಿಯಾಗಿ ಇಂದಿಗೂ ಅಲ್ಲಿಯೇ ಇದೆ. ಮದ್ದೂರು ವಡೆಯ ಕಥೆಯನ್ನು ಹಳಿಯ ಮೇಲಿಲ್ಲದ ಹೊಳಲಿನಂತಹ ಊರಿನಲ್ಲಿಯೂ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರ್ಗ ಬದುಕಿದ್ದರೆ ನೆನಪು ತಾನಾಗಿ ಸಾಗುತ್ತದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮಲೆನಾಡಿನ ನಡುವೆ ಎರಡೇ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಬಂಡಿಗೆ ಆ ಭಾಗ್ಯವಿಲ್ಲ, ಹಳಿಯೇ ಉಳಿದಿಲ್ಲ.

ಕೋಲಾರದ ಕಿರುಹಳಿಯ ಅಳಿವು ಮತ್ತೊಂದು ಬಗೆಯದು. 1990ರ ದಶಕದಲ್ಲಿ ಎರಡು ತುದಿಗಳಲ್ಲಿಯೂ ದೊಡ್ಡ ಹಳಿ ಬಂದಿತು. ಕೋಲಾರ–ಚಿಕ್ಕಬಳ್ಳಾಪುರಗಳ ನಡುವಣ ಭಾಗ 2013ರಲ್ಲಿ ದೊಡ್ಡ ಹಳಿಯಾಗಿ ಮತ್ತೆ ತೆರೆಯಿತು. ಹವ್ಯಾಸಿಗಳ ಬರೆಹಗಳಲ್ಲಿ ಇದು ಶೋಕಗೀತೆಯಾಗುತ್ತದೆ. ಈ ಶೋಕವನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ನಿಧಾನದ ರೈಲು ನೋಡುವವನಿಗೆ ಸೊಗಸು. ಮಾವಿನಹಣ್ಣಿನ ಬುಟ್ಟಿಯನ್ನೋ ರೇಷ್ಮೆಗೂಡಿನ ಮೂಟೆಯನ್ನೋ ಹೊತ್ತು ಪೇಟೆ ಮುಟ್ಟಬೇಕಾದವನಿಗೆ ಅಲ್ಲ. ಬಸ್ಸು ಬಂದಾಗ ಅವನು ಹಿಂದೆ ತಿರುಗಿ ನೋಡದೆ ಹತ್ತಿದ್ದರೆ ಆಶ್ಚರ್ಯವಿಲ್ಲ. ಆ ನಿರ್ಧಾರವೂ ದಾಖಲೆಯ ಭಾಗವಾಗಬೇಕು.

ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಇನ್ನೊಂದು ಪಾಠ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ಅಲ್ಲಿನ ಹಳೆಯ ನಿಲ್ದಾಣ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಕಟ್ಟಡ ಉಳಿದದ್ದು ಸಂತೋಷವೇ. ಆದರೆ ಅದು ಉಳಿದದ್ದು ಇಂಗ್ಲಿಷ್ ಕಾದಂಬರಿಕಾರರೊಬ್ಬರ ಕಲ್ಪಿತ ಊರಿನ ಹೆಸರಿನಲ್ಲಿ, ಅರಸಾಳಿನ ಹೆಸರಿನಲ್ಲಲ್ಲ ಎಂಬುದನ್ನು ಮರೆಯಲಾಗದು.

ಕಿರುಹಳಿಯ ಮೇಲೆ ದುಡಿದವರು ಈಗ ಮುಪ್ಪಿನಲ್ಲಿದ್ದಾರೆ. ಅವರನ್ನು ಮಾತನಾಡಿಸಲು ದೊಡ್ಡ ಅನುದಾನ ಬೇಕಿಲ್ಲ; ಕೋಲಾರ, ಚಿಂತಾಮಣಿಗಳ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ವರ್ಷದ ಕಿರುಪ್ರಬಂಧದ ವಸ್ತು ಇದು. ತೆಲುಗು ಬಲ್ಲ ವಿದ್ಯಾರ್ಥಿಯಾದರೆ ಮತ್ತಷ್ಟು ಒಳಿತು. ಪ್ರಶ್ನಾವಳಿ ಎಂಜಿನ್ನಿನ ಸಂಖ್ಯೆಯಿಂದ ಆರಂಭವಾಗದಿರಲಿ. ಹವ್ಯಾಸಿಗಳ ಛಾಯಾಚಿತ್ರಗಳನ್ನೇ ಅವರ ಮುಂದಿಟ್ಟು, ಇದನ್ನು ನೀವು ಏನೆಂದು ಕರೆಯುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಬೇಕು. ಬಂದ ಉತ್ತರವನ್ನು, ಅದು ಯಾವ ಭಾಷೆಯದಾದರೂ, ತಿದ್ದದೆ ಬರೆದುಕೊಳ್ಳಬೇಕು.