ಹಿತ್ತಲ ಹೊಳೆಗೆ ಗೋಡೆ, ಪರವೂರ ಕಾಲುವೆಗೆ ಯಾತ್ರೆ

ದೀಪಾವಳಿಯ ರಜೆ ಹತ್ತಿರ ಬಂತೆಂದರೆ ನಮ್ಮ ಸಂಘ-ಸಂಸ್ಥೆಗಳಲ್ಲಿ, ನೆರೆಕರೆಯ ಮನೆಗಳಲ್ಲಿ ಒಂದೇ ಮಾತು: ಈ ಸಲ ಆಲಪ್ಪುಳಕ್ಕೆ ಹೋಗೋಣ, ದೋಣಿಮನೆಯಲ್ಲಿ ಎರಡು ರಾತ್ರಿ ತಂಗೋಣ, ಕಾಲುವೆಯ ದಂಡೆಯಲ್ಲಿ ಹಾಯಾಗಿ ಕುಳಿತು ಬರೋಣ. ಹೋಗುವುದು ತಪ್ಪೆಂದು ಯಾರೂ ಹೇಳಲಾರರು. ವರ್ಷವಿಡೀ ಲೋಕಲ್ ಗಾಡಿಯಲ್ಲಿ ನಿಂತು ದುಡಿದ ಮನುಷ್ಯನಿಗೆ ನಾಲ್ಕು ದಿನದ ವಿಶ್ರಾಂತಿ ಬೇಡವೇ? ಆದರೆ ಕುರ್ಲಾದಲ್ಲಿ ಸಂಸಾರ ಹೂಡಿ, ಕೂಗಳತೆಯಲ್ಲೇ ಹರಿಯುವ ಮೀಠಿ ನದಿಯ ಸೇತುವೆ ಬಂದೊಡನೆ ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುವ ನಾವು, ನೀರಿನ ಬದಿಯ ಸುಖವನ್ನು ಹಣ ತೆತ್ತು ಪಡೆಯಲು ಸಾವಿರ ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡುತ್ತೇವಲ್ಲ, ಇದಕ್ಕೆ ಏನೆನ್ನಬೇಕು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗೆ ಸಾಲದು. ನಾವು ಹಿತ್ತಲ ಹೊಳೆಯನ್ನು ಹೊಳೆಯೆಂದೇ ಒಪ್ಪುತ್ತಿಲ್ಲ.

ನಾವು ನೋಡಹೋಗುವ ಆ ಕಾಲುವೆಯಾದರೂ ಯಾವುದು? ಕೊಲ್ಲಮ್‌ನಿಂದ ಕೊಟ್ಟಪ್ಪುರಮ್‌ವರೆಗಿನ ಪಶ್ಚಿಮ ಕರಾವಳಿಯ ಕಾಲುವೆಯನ್ನು 1993ರಲ್ಲಿ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. ಉದ್ದ ಸುಮಾರು 168 ಕಿಲೋಮೀಟರು. ಆಲಪ್ಪುಳ ಪೇಟೆಯ ಕಾಲುವೆಗಳು ಅದಕ್ಕಿಂತ ಎಷ್ಟೋ ಹಳೆಯವು. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರ ಕಾಲದಲ್ಲಿ, 18ನೆಯ ಶತಮಾನದಲ್ಲಿ, ಬಂದರಿಗೆ ಸರಕು ಸಾಗಿಸಲೆಂದು ಆದಂಥವು. ಇಂದು ನಾವು ಮಲಗಿ ಏಳುವ ಕೆಟ್ಟುವಳ್ಳಂ ಎಂಬ ದೋಣಿ ಅಕ್ಕಿ ಹೊರುತ್ತಿದ್ದ ದೋಣಿ. ಲಾರಿಗಳು ಬಂದು ಸರಕು ತಪ್ಪಿದ ಮೇಲೆ ಅದರಲ್ಲಿ ಮಂಚ ಹಾಕಿದರು. ವಿಹಾರಕ್ಕೆಂದು ಅಲ್ಲಿ ಯಾರೂ ಕಾಲುವೆ ತೋಡಲಿಲ್ಲ. ದುಡಿದ ನೀರೇ ಕೊನೆಗೆ ವಿಶ್ರಾಂತಿಯನ್ನೂ ಕೊಟ್ಟಿತು, ಅಷ್ಟೆ. ಅಲ್ಲಿಯೂ ಎಲ್ಲವೂ ಸ್ವರ್ಗವೆಂದಲ್ಲ. ದೋಣಿಮನೆಗಳ ಹೊಲಸು ವೇಂಬನಾಡು ಸರೋವರ ಸೇರುತ್ತಿದೆಯೆಂಬ ದೂರು ಹಳೆಯದು. ಆದರೂ ಅಲ್ಲಿಯ ಜನ ನೀರಿಗೆ ಮುಖ ಮಾಡಿ ಬದುಕುತ್ತಾರೆ, ಬೆನ್ನು ಮಾಡಿ ಅಲ್ಲ. ಮುಖ್ಯ ವ್ಯತ್ಯಾಸ ಇದೇ.

ಕುರ್ಲಾ ಕೂಡ ನೀರಿನ ಊರೇ. ಕುರ್ಲಿ ಎಂದರೆ ಏಡಿ ಎಂದು ನಮ್ಮ ಕರಾವಳಿಯ ಕೊಂಕಣಿ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ; ಇಲ್ಲಿಯ ಜೌಗಿನಲ್ಲಿ ಹೇರಳವಾಗಿದ್ದ ಆ ಏಡಿಯಿಂದಲೇ ಊರಿಗೆ ಹೆಸರು ಬಂತೆನ್ನುತ್ತಾರೆ. ಸಾಷ್ಟಿ ದ್ವೀಪದ ಕುರ್ಲಾಕ್ಕೂ ಮುಂಬಯಿ ದ್ವೀಪದ ಸಯನ್‌ಗೂ ನಡುವೆ ಒಂದು ಕಾಲಕ್ಕೆ ಉಪ್ಪುನೀರು. ಗವರ್ನರ್ ಡಂಕನ್‌ನ ಕಾಲದಲ್ಲಿ ಅಲ್ಲಿ ಕಟ್ಟೆ ಕಟ್ಟಿದರು. ಮಾಹಿಮ್ ಮತ್ತು ಬಾಂದ್ರಾದ ನಡುವೆ ಜನ ದೋಣಿಯಲ್ಲೇ ದಾಟುತ್ತಿದ್ದರು. 1845ರಲ್ಲಿ ಲೇಡಿ ಜಮ್ಶೆಟ್‌ಜಿಯವರ ಹಣದಿಂದ ಅಲ್ಲಿಗೂ ಕಟ್ಟೆ ಬಂತು. ವಿಹಾರ್ ಮತ್ತು ಪವಯಿ ಕೆರೆಗಳ ತುಂಬಿ ಹರಿದ ನೀರನ್ನು ಹೊತ್ತು, ಕುರ್ಲಾದ ಪಕ್ಕದಿಂದ ಸಾಗಿ, ಸುಮಾರು 18 ಕಿಲೋಮೀಟರು ನಡೆದು ಮಾಹಿಮ್ ಕೊಲ್ಲಿಯನ್ನು ಸೇರುವ ಹೊಳೆಗೆ ಹಿಂದಿನವರು ಮೀಠಿ, ಅಂದರೆ ಸಿಹಿ, ಎಂದು ಹೆಸರಿಟ್ಟರು. ಇಂದು ಆ ಹೆಸರೇ ಒಂದು ಕುಚೋದ್ಯ.

ಇದನ್ನು ಕೆಡಿಸಿದವರು ಯಾರು? ಥಟ್ಟನೆ ಸಿಗುವ ಉತ್ತರವೊಂದಿದೆ: ದಂಡೆಯ ಝೋಪಡಿಯವರು. ಎಷ್ಟು ಸುಲಭದ ಉತ್ತರ! ವಿಮಾನ ನಿಲ್ದಾಣದ ಓಡುದಾರಿಗಾಗಿ ಹೊಳೆಯನ್ನು ಮೊಣಕೈಯಂತೆ ತಿರುಗಿಸಿದವರು ಝೋಪಡಿಯವರೇ? ಕಾಂಡ್ಲಾ ಬೆಳೆದ ಜೌಗನ್ನು ತುಂಬಿಸಿ ಬಾಂದ್ರಾ–ಕುರ್ಲಾ ಸಂಕೀರ್ಣದ ಗಾಜಿನ ಮಹಲುಗಳನ್ನು ಎಬ್ಬಿಸಿದವರು ಅವರೇ? ಶುದ್ಧಿ ಮಾಡದ ಮಲಿನ ನೀರನ್ನು ಮೋರಿಗಳ ಮೂಲಕ ಹೊಳೆಗೆ ಬಿಡುವ ನಗರದಲ್ಲಿ ನಿಮ್ಮ ನಮ್ಮ ಪಕ್ಕಾ ಕಟ್ಟಡಗಳೂ ಇಲ್ಲವೇ? ಬಡವನ ಅತಿಕ್ರಮಣ ಕಣ್ಣಿಗೆ ಕಾಣುತ್ತದೆ. ದೊಡ್ಡವರ ಅತಿಕ್ರಮಣಕ್ಕೆ ಅಭಿವೃದ್ಧಿ ಎಂಬ ಹೆಸರಿರುತ್ತದೆ.

2005ರ ಜುಲೈ 26ರಂದು ಹೊಳೆ ತನ್ನ ಲೆಕ್ಕ ಕೇಳಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ. ಕುರ್ಲಾ, ಕಲೀನಾಗಳಲ್ಲಿ ನೀರು ಮನೆ ನುಗ್ಗಿತು. ನಗರದಲ್ಲಿ ನೂರಾರು ಜನ ಸತ್ತರು. ಅದೇ ವರ್ಷ ಮೀಠಿಗೊಂದು ಪ್ರಾಧಿಕಾರ ಹುಟ್ಟಿತು. ಅಗಲ ಮಾಡಿದರು, ಆಳ ಮಾಡಿದರು, ದಂಡೆಗೆ ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ಹೂಳೆತ್ತುವುದಂತೂ ವರ್ಷಾವಧಿ ವ್ರತವಾಯಿತು. ಆ ಹೂಳಿನ ಲೆಕ್ಕದಲ್ಲೇ ಸುಮಾರು 65 ಕೋಟಿ ರೂಪಾಯಿಗಳ ವಂಚನೆಯಾಗಿದೆಯೆಂದು 2025ರ ಮೇ ತಿಂಗಳಲ್ಲಿ ಮುಂಬಯಿ ಪೊಲೀಸರು ಮೊಕದ್ದಮೆ ದಾಖಲಿಸಿದರು. ಅದೇ ವರ್ಷದ ಆಗಸ್ಟ್ 19ರಂದು ಹೊಳೆ ಮತ್ತೆ ಏರಿ ಕುರ್ಲಾದ ಕ್ರಾಂತಿ ನಗರದಿಂದ ನೂರಾರು ಜನರನ್ನು ಎಬ್ಬಿಸಿ ಸಾಗಿಸಬೇಕಾಯಿತು. ಇಪ್ಪತ್ತು ವರ್ಷಗಳ ತಪಸ್ಸಿನ ಫಲ ಇದು.

ದಂಡೆ ಕುಸಿಯದಂತೆ ಗೋಡೆ ಬೇಕೆನ್ನುವ ಇಂಜಿನಿಯರರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಗೋಡೆ ಮಾತ್ರ ಸಾಕೆನ್ನುವುದನ್ನು ಒಪ್ಪಲಾಗದು. ಗೋಡೆಯ ಆಚೆಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ನೀರಿಗೆ ಕಾವಲುಗಾರನಿಲ್ಲ. ರಾತ್ರಿ ಹೊತ್ತು ರಾಡಿ ಸುರಿಯುವವನಿಗೆ, ಕಟ್ಟಡದ ಅವಶೇಷ ತಂದು ಚೆಲ್ಲುವವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಸಂಜೆ ಹೊತ್ತು ನೂರು ಜನ ಕುಳಿತು ಹರಟುವ ದಂಡೆಗೆ ಕಸದ ಲಾರಿ ಬರಲು ಅಂಜುತ್ತದೆ. ವಿಹಾರವೆಂದರೆ ಉಳ್ಳವರ ಚಪಲವೆಂದು ಮೂಗು ಮುರಿಯುವವರು ಇದನ್ನು ಯೋಚಿಸಬೇಕು: ಜನ ಕೂರುವ ದಂಡೆಯೇ ಹೊಳೆಗೆ ಒಳ್ಳೆಯ ಕಾವಲು.

ಸಮುದ್ರವಿದೆಯಲ್ಲ, ಜುಹೂ ಇದೆ, ಚೌಪಾಟಿ ಇದೆ ಎನ್ನುವವರಿದ್ದಾರೆ. ಸ್ವದೇಶಿ ಗಿರಣಿ, ಪ್ರೀಮಿಯರ್ ಮೋಟಾರು ಕಾರ್ಖಾನೆಗಳ ಕಾಲದಿಂದ ಮುಂಬಯಿಗಾಗಿ ಬೆವರು ಸುರಿಸಿದ ಊರು ಕುರ್ಲಾ. ಹತ್ತು ತಾಸು ಹೋಟೆಲಿನಲ್ಲಿ ನಿಂತವನು, ಮನೆಗೆಲಸ ಮುಗಿಸಿದ ಹೆಂಗಸು, ಹತ್ತಡಿ ಖೋಲಿಯಲ್ಲಿ ಮುದುಡಿ ಕುಳಿತ ಮುದುಕ, ಇವರು ದಿನಾ ಸಂಜೆ ಎರಡು ಗಾಡಿ ಬದಲಿಸಿ ಜುಹೂಗೆ ಹೋಗಬೇಕೇ? ಅದೇ ಕೊಲ್ಲಿಯ ನೆರೆಯ ಬಾಂದ್ರಾದವರಿಗೆ ಸಮುದ್ರದ ಬದಿ ನಡೆದಾಡಲು ಸೊಗಸಾದ ದಾರಿಗಳಿವೆ. ಒಂದೇ ನಗರ, ಒಂದೇ ಪಾಲಿಕೆ. ಅವರಿಗೆ ಗಾಳಿ, ಕುರ್ಲಾದವರಿಗೆ ನಾತ. ಇದು ಯಾವ ನ್ಯಾಯ?

ಉದಾಸೀನ ಮಾಡಿದರೆ ಏನಾಗುತ್ತದೆಂಬುದಕ್ಕೆ ಮದರಾಸಿನ ಬಕಿಂಗ್‌ಹ್ಯಾಮ್ ಕಾಲುವೆ ಸಾಕ್ಷಿ. ಕರಾವಳಿಯ ಗುಂಟ ಆಂಧ್ರದಿಂದ ಮರಕ್ಕಾಣದವರೆಗೆ ಉಪ್ಪು, ಸೌದೆ, ಅಕ್ಕಿ ಹೊತ್ತ ದೋಣಿಗಳು ಓಡಾಡಿದ ಜಲಮಾರ್ಗವದು. 1877–78ರ ಬರಗಾಲದಲ್ಲಿ ಹಸಿದ ಜನರ ಕೂಲಿಯಿಂದ ನಗರದೊಳಗಿನ ಅದರ ಭಾಗ ತೋಡಲ್ಪಟ್ಟಿತು. ಸರಕು ನಿಂತಿತು, ಜನ ಮರೆತರು, ಚರಂಡಿ ಸೇರಿತು. ಕೊನೆಗೆ ಅದರ ಮೈಮೇಲೆಯೇ ರೈಲಿನ ಕಂಬ ನೆಟ್ಟರು. ಕಾಲುವೆಯನ್ನು ಗಟಾರವೆಂದು ಕರೆಯತೊಡಗಿದ ದಿನವೇ ಅದರ ಮರಣಪತ್ರ ಬರೆದಾಯಿತು.

ಕೈಲಾಗದ ಕೆಲಸವಲ್ಲ ಎಂಬುದಕ್ಕೂ ಸಾಕ್ಷಿ ಇದೆ, ಅದೂ ಮೀಠಿಯ ದಂಡೆಯಲ್ಲೇ. ಧಾರಾವಿಯ ಮಹಾರಾಷ್ಟ್ರ ನಿಸರ್ಗ ಉದ್ಯಾನ ಇರುವ 37 ಎಕರೆ ಹಿಂದೆ ನಗರದ ಕಸ ಸುರಿಯುವ ಜಾಗ. ಗಿಡ ನೆಟ್ಟರು, ಕಾದರು. 1994ರಲ್ಲಿ ಅದು ಜನರಿಗೆ ತೆರೆಯಿತು. ಕಸದ ಗುಡ್ಡ ಕಾಡಾಗಬಹುದಾದರೆ ಕುರ್ಲಾದ ದಂಡೆಯಲ್ಲಿ ನಾಲ್ಕು ಕಲ್ಲುಬೆಂಚು ಹಾಕಲಾಗದೇ?

ಬೇಡಿಕೆ ಮೂರೇ. ಮೋರಿಯ ನೀರು ಶುದ್ಧಿಯಾಗದೆ ಹೊಳೆಗಿಳಿಯಕೂಡದು. ಗೋಡೆಯಲ್ಲಿ ಅಲ್ಲಲ್ಲಿ ಮೆಟ್ಟಿಲು, ನೆರೆಯ ಮಟ್ಟಕ್ಕಿಂತ ಮೇಲೆ ನೆರಳು ಮತ್ತು ಕೂರುವ ಕಟ್ಟೆ ಬೇಕು. ದಂಡೆಯವರನ್ನು ಎಬ್ಬಿಸಲೇಬೇಕಾದರೆ ಕುರ್ಲಾದಲ್ಲೇ ಮನೆ ಕೊಡಬೇಕು. ತಾನ್ಸಾ ಕೊಳವೆಯ ಬದಿಯವರನ್ನು ಮಾಹುಲ್‌ನ ತೈಲ ಕಾರ್ಖಾನೆಗಳ ಮಗ್ಗುಲಿಗೆ ಸಾಗಿಸಿದಂತೆ ಆಗಬಾರದು. ಬಡವರನ್ನು ಗುಡಿಸಿ ಹಾಕಿ ಉಳ್ಳವರಿಗೆ ಉದ್ಯಾನ ಮಾಡುವುದಾದರೆ ಆ ಉದ್ಯಾನ ಬೇಡವೇ ಬೇಡ.

ಇದನ್ನು ಕನ್ನಡಿಗರೇಕೆ ಹೇಳಬೇಕು? ಹಡಗು ಹತ್ತಿ ಈ ಊರಿಗೆ ಬಂದವರ ಮಕ್ಕಳು ನಾವು. ನೇತ್ರಾವತಿ, ಸ್ವರ್ಣೆ, ಗಂಗೊಳ್ಳಿಯ ಹೊಳೆಬದಿಯಲ್ಲಿ ಕುಳಿತು ಗೊತ್ತಿರುವವರು. ಬಂಟರ ಭವನ ಕುರ್ಲಾದಲ್ಲೇ ತಲೆಯೆತ್ತಿ ನಿಂತಿದೆ. ಊರ ತುಂಬ ನಮ್ಮವರ ಹೋಟೆಲುಗಳಿವೆ. ಅನ್ನ ಕೊಟ್ಟ ಊರಿನ ಹೊಳೆ ನಮ್ಮದಲ್ಲವೆನ್ನಲು ನಾವಿಲ್ಲಿ ಇನ್ನೂ ಅತಿಥಿಗಳೇ? ನಮ್ಮ ಸಂಘಗಳು ಸನ್ಮಾನದ ಶಾಲುಗಳಲ್ಲಿ ಹತ್ತು ಕಡಿಮೆ ಮಾಡಿ, ಮರಾಠಿ ನೆರೆಯವರೊಡನೆ ಕೂಡಿ ಪಾಲಿಕೆಗೆ ಒಂದು ಮನವಿ ಬರೆಯಲಿ. ನಗರಸೇವಕರನ್ನು ಸಭೆಗೆ ಕರೆದಾಗ ಹಾರ ಹಾಕುವ ಮುನ್ನ ಈ ಪ್ರಶ್ನೆ ಕೇಳಲಿ. ಆಲಪ್ಪುಳಕ್ಕೆ ಖಂಡಿತ ಹೋಗಿ ಬನ್ನಿ. ಆದರೆ ಹೊರಡುವ ಮೊದಲು ಆ ಮನವಿಗೊಂದು ಸಹಿ ಹಾಕಿ ಹೋಗಿ.