ಆಕಾಶದ ನೀರುಗಂಟಿ

ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಮೈಸೂರು ಸೀಮೆಯ ವಾಚಕರಿಗೆ ಹೊಸದಾಗಿ ಪರಿಚಯಿಸಬೇಕಾದುದಿಲ್ಲ. ತೂಬಿನಿಂದ ಹೊರಟ ನೀರು ಯಾವ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕೆಂಬುದು ಅವನ ನಿರ್ಣಯ. ಕೆರೆ ಕೋಡಿ ಬಿದ್ದ ವರ್ಷ ಅವನ ಕೆಲಸ ಹಗುರ. ನೀರು ಸಾಲದ ವರ್ಷ ಅವನಿಗೆ ನಿದ್ರೆಯಿಲ್ಲ. ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಂತೆ ತೋರುವ ಕೃತಕ ಉಪಗ್ರಹಗಳ ಜಾಲಕ್ಕೂ ಇಂತಹವನೊಬ್ಬನು ಬೇಕು. ಅಲ್ಲಿ ಹಂಚಬೇಕಾದುದು ಬ್ಯಾಂಡ್‌ವಿಡ್ತ್, ಎಂದರೆ ಸಂದೇಶಗಳು ಹರಿಯುವ ರೇಡಿಯೋ ಕಾಲುವೆಯ ಅಗಲ.

ಚಾಮರಾಜನಗರಕ್ಕೆ ಈ ಕಾಲುವೆಯ ಪರಿಚಯ ಬೇಗನೆ ಆಯಿತು. 2002ರ ಸುಮಾರಿಗೆ ಇಸ್ರೋ ಸಂಸ್ಥೆಯು ಅಲ್ಲಿನ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಉಪಗ್ರಹದ ಮೂಲಕ ಜೋಡಿಸಿತು. ಎದೆನೋವೆಂದು ಬಂದವನ ಇ.ಸಿ.ಜಿ.ಯನ್ನು ಬೆಂಗಳೂರಿನ ತಜ್ಞರು ಕುಳಿತಲ್ಲಿಯೇ ನೋಡುವಂತಾಯಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಎಜುಸ್ಯಾಟ್ ಮೇಲೇರಿತು. ತರುವಾಯ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಇಳಿದುವು. 2010ರಲ್ಲಿ ಆ ಉಪಗ್ರಹ ನಿವೃತ್ತವಾಯಿತು.

ಈ ಎರಡು ಏರ್ಪಾಡುಗಳ ಭೇದವನ್ನು ಗಮನಿಸಬೇಕು. ಶಾಲೆಗಳ ಪಾಠ ಗುಡಿಯ ಗಂಟೆಯ ನಾದದಂತೆ. ಕೇಳುವವರು ಒಬ್ಬರಾದರೂ 885 ಶಾಲೆಗಳಾದರೂ ತಗಲುವ ಕಾಲುವೆ ಒಂದೇ. ಆದರೆ ಕೇವಲ ಗ್ರಹಿಸುವ ಡಿಶ್ ಆಂಟೆನಾದ ಮುಂದೆ ಕುಳಿತ ಮಗು ಎದ್ದು ನಿಂತು ಸಂದೇಹ ಕೇಳುವಂತಿಲ್ಲ. ಪ್ರತಿ ಶಾಲೆಗೂ ಮರುದಾರಿಯೊಂದನ್ನು ಶಾಶ್ವತವಾಗಿ ಬಿಟ್ಟುಕೊಟ್ಟರೆ, ಅವುಗಳಲ್ಲಿ ಬಹುಪಾಲು ದಿನವಿಡೀ ಬರಿದಾಗಿಯೇ ಬಿದ್ದಿರುತ್ತವೆ. ಅಷ್ಟು ಅಗಲ ಆಕಾಶದಲ್ಲಿಲ್ಲ.

ಆದುದರಿಂದ ಬೇಡಿಕೆಯಂತೆ ಹಂಚಿಕೆ. ಭೂಮಿಯ ಮೇಲಿನ ಮುಖ್ಯ ಕೇಂದ್ರದ ಕಂಪ್ಯೂಟರು ಕಾಲವನ್ನೇ ಸೆಕೆಂಡಿನ ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ತನ್ನಲ್ಲಿ ಎಷ್ಟು ಸಂದೇಶ ಕಾದು ನಿಂತಿದೆಯೆಂದು ಪ್ರತಿ ನಿಲ್ದಾಣವೂ ತಿಳಿಸುತ್ತದೆ. ಕಂಪ್ಯೂಟರು ಸರದಿಪಟ್ಟಿ ಬರೆದು ಎಲ್ಲರಿಗೂ ಕಳುಹಿಸುತ್ತದೆ. ಮರುಕ್ಷಣವೇ ಅಳಿಸಿ ಮತ್ತೆ ಬರೆಯುತ್ತದೆ. ಗುಂಡ್ಲುಪೇಟೆಯ ಬ್ಯಾಂಕೊಂದು ಇಂತಹ ಜಾಲದಲ್ಲಿದ್ದರೆ, ಸೋಮವಾರ ಬೆಳಗಿನ ಗಿರಾಕಿಗಳ ಸಂದಣಿಗೆ ಅದರ ಪಾಲು ಹಿಗ್ಗುತ್ತದೆ. ಬಾಗಿಲು ಮುಚ್ಚಿದೊಡನೆ ಆ ಪಾಲು ಬೇರೆಯವರದಾಗುತ್ತದೆ. ಯಾರೂ ಕೀಲಿ ತಿರುಗಿಸುವುದಿಲ್ಲ.

ತೊಡಕು ದೂರದಲ್ಲಿದೆ. ಬೇಡಿಕೆ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು, ಅಪ್ಪಣೆ ಮರಳಲು ಇನ್ನೊಂದು ಕಾಲು. ಅಷ್ಟರಲ್ಲಿ ಬೇಡಿಕೆಯೇ ಬದಲಾಗಿರಬಹುದು. ಆದಕಾರಣ ಯಂತ್ರವು ಕೇಳುವ ಮುನ್ನವೇ ಊಹಿಸಿ ಸ್ವಲ್ಪ ಹೆಚ್ಚು ಕೊಡುವುದುಂಟು. ಮಾತಿನಂತಹ ಕಾಯಲಾರದ ಸಂದೇಶಗಳಿಗೆ ಮೊದಲೇ ಒಂದಿಷ್ಟನ್ನು ಮೀಸಲಿಡುವುದೂ ಉಂಟು. ಸರದಿಯೇ ಇಲ್ಲದ ಹೊಸಬರು ಎಲ್ಲರಿಗೂ ಸೇರಿದ ತುಣುಕಿನಲ್ಲಿ ಕೂಗಬೇಕು. ಇಬ್ಬರು ಒಟ್ಟಿಗೆ ಕೂಗಿದರೆ ಎರಡೂ ಹಾಳು, ಬೇರೆ ಬೇರೆ ಹೊತ್ತು ಕಾದು ಮತ್ತೆ ಕೂಗಬೇಕು. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದವರು ಅಲೋಹಾ ಎಂಬ ರೇಡಿಯೋ ಜಾಲದಲ್ಲಿ ಬಳಕೆಗೆ ತಂದ ಉಪಾಯವಿದು.

ಮಳೆ ಹೊಯ್ದರೆ ನೀರುಗಂಟಿಗೆ ಹರ್ಷ, ಈ ಯಂತ್ರಕ್ಕೆ ಸಂಕಟ! ಬಂಡೀಪುರದ ಕಡೆಯಿಂದ ದಟ್ಟ ಮೋಡ ಕವಿದು ಸುರಿದಾಗ ಕೆಯು ಬ್ಯಾಂಡಿನ ತರಂಗಗಳು ಕುಗ್ಗುತ್ತವೆ. ಆಗ ಕೇಂದ್ರವು ತಪ್ಪು ತಾಳುವ ಗಟ್ಟಿ ಸಂಕೇತಕ್ಕೆ ಮೊರೆಹೋಗುತ್ತದೆ. ಅದೇ ತುಣುಕಿನಲ್ಲಿ ಕಡಮೆ ಅಕ್ಷರಗಳು ಹಿಡಿಯುತ್ತವೆ. ನೆನೆದ ಊರಿಗೆ ಹೆಚ್ಚು ತುಣುಕು ಕೊಡಬೇಕಾದರೆ ಒಣಗಿದ ಊರಿನದನ್ನು ಕತ್ತರಿಸಬೇಕು.

2021ರಲ್ಲಿ ಹಾರಿದ ಯೂಟೆಲ್‌ಸ್ಯಾಟ್ ಕ್ವಾಂಟಮ್, ಕಕ್ಷೆಯಲ್ಲಿದ್ದುಕೊಂಡೇ ತನ್ನ ಕಿರಣಗಳ ದಿಕ್ಕನ್ನೂ ಬಲವನ್ನೂ ಬದಲಿಸಬಲ್ಲುದು. ಭಾರತದ ಜಿಸ್ಯಾಟ್-20, 2024ರ ನವೆಂಬರಿನಲ್ಲಿ ಮೇಲೇರಿ, 32 ಕಿರಣಗಳನ್ನು ದೇಶದ ಮೇಲೆ ಚೆಲ್ಲುವಂತೆ ರಚಿತವಾದುದು. ಕಾಲುವೆ ಹಿಗ್ಗಿತೆಂಬುದು ನಿಜವೇ. ಆದರೆ ಯಂತ್ರದ ಕಣ್ಣಿಗೆ ಚಾಮರಾಜನಗರದ ರೋಗಿಯ ಇ.ಸಿ.ಜಿ.ಯೂ ಪಕ್ಕದ ಬೀದಿಯವನು ಇಳಿಸಿಕೊಳ್ಳುವ ಸಿನಿಮಾವೂ ಬರಿಯ ಅಂಕಿಗಳ ಸಾಲು. ಯಾವುದು ಮೊದಲು ಹೋಗಬೇಕೆಂದು ಯಾರಾದರೂ ಮನುಷ್ಯರು ಮೊದಲೇ ಬರೆದಿಟ್ಟಿರಬೇಕು; ಆಸ್ಪತ್ರೆಯ ಕರಾರಿನಲ್ಲಿ ಕನಿಷ್ಠ ಪಾಲಿನ ಖಾತರಿಯ ಷರತ್ತು ಇಲ್ಲವಾದರೆ, ಸಂದಣಿಯ ಸಂಜೆಯಲ್ಲಿ ರೋಗಿಯ ಹೃದಯದ ಗೆರೆಯೂ ಸಿನಿಮಾದ ಹಿಂದೆ ಸರದಿಯಲ್ಲಿ ನಿಲ್ಲುತ್ತದೆ.